ಗುಬ್ಬಿ ವೀರಣ್ಣ

ಗುಬ್ಬಿ ವೀರಣ್ಣ (ಪೂರ್ಣ ಹೆಸರು: ಗುಬ್ಬಿ ಹಂಪಣ್ಣ ವೀರಣ್ಣ, 1891 – 18 ಅಕ್ಟೋಬರ್ 1972) ಕನ್ನಡ ವೃತ್ತಿರಂಗಭೂಮಿಯ ಪ್ರಸಿದ್ಧ ನಟರು, ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯ ಒಡೆಯರು ಮತ್ತು ಕನ್ನಡ ಚಲನಚಿತ್ರದ ಆದ್ಯ ನಿರ್ಮಾಪಕರಲ್ಲಿ ಒಬ್ಬರು. ಹಾಸ್ಯನಟರಾಗಿ ಜನಮನ್ನಣೆ ಗಳಿಸಿದ ಅವರು ನಾಟಕರತ್ನ ಎಂಬ ಬಿರುದಿನಿಂದ ಪ್ರಖ್ಯಾತರಾಗಿದ್ದಾರೆ. ವಿದ್ಯುದ್ದೀಪ, ಚಲಿಸುವ ರಂಗಸಜ್ಜಿಕೆ, ಚಮತ್ಕಾರದ ದೃಶ್ಯಗಳು ಮೊದಲಾದ ಹೊಸ ತಂತ್ರಗಳನ್ನು ಕನ್ನಡ ರಂಗಭೂಮಿಗೆ ದೊಡ್ಡ ಪ್ರಮಾಣದಲ್ಲಿ ತಂದವರಲ್ಲಿ ಅವರು ಅಗ್ರಗಣ್ಯರು. ರಂಗಭೂಮಿಗೆ ಮುಂದೆ ಪ್ರಬಲ ಪ್ರತಿಸ್ಪರ್ಧಿಯಾದ ಚಲನಚಿತ್ರವನ್ನು ಕನ್ನಡದಲ್ಲಿ ಬೆಳೆಸುವುದರಲ್ಲಿಯೂ ಅವರ ಪಾತ್ರ ದೊಡ್ಡದು. ಈ ಕಾರಣದಿಂದ ಅವರ ಜೀವನಚರಿತ್ರೆಯು ಯಂತ್ರಯುಗವು ಕನ್ನಡದ ಮನರಂಜನ ಕಲೆಗಳನ್ನು ಬದಲಿಸಿದ ರೀತಿಯ ಚರಿತ್ರೆಯೂ ಆಗಿದೆ.

ಹಿನ್ನೆಲೆ

ಗುಬ್ಬಿಯು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ತುಮಕೂರು ನಗರದ ಪಶ್ಚಿಮಕ್ಕೆ, ಬೆಂಗಳೂರಿನಿಂದ ಹೊನ್ನಾವರಕ್ಕೆ ಹೋಗುವ ಹೆದ್ದಾರಿಯಲ್ಲಿರುವ ಈ ಊರು ಅಡಿಕೆ ಮತ್ತು ಕೊಬ್ಬರಿಯ ವ್ಯಾಪಾರಕ್ಕೆ ಹೆಸರಾಗಿತ್ತು. ಹದಿನಾರನೆಯ ಶತಮಾನದ ವೀರಶೈವ ಕವಿ ಗುಬ್ಬಿಯ ಮಲ್ಲಣಾರ್ಯನಿಂದ ಸಾಹಿತ್ಯಚರಿತ್ರೆಯಲ್ಲಿಯೂ ಈ ಊರಿಗೆ ಸ್ಥಾನವಿದೆ. ಊರಿನ ಆರಾಧ್ಯದೈವ ಗೋಸಲ ಚನ್ನಬಸವೇಶ್ವರರು, ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ಗದ್ದುಗೆಯುಳ್ಳ ತೋಂಟದ ಸಿದ್ಧಲಿಂಗೇಶ್ವರರ ಗುರುಗಳು. ನಾಟಕ ಕಂಪನಿಯು ಈ ಚನ್ನಬಸವೇಶ್ವರರ ಹೆಸರನ್ನೇ ಪಡೆಯಿತು.

ಗುಬ್ಬಿ ಕಂಪನಿಯು 1884ರಲ್ಲಿ ಗುಬ್ಬಿಯ ಚಂದಣ್ಣ ಮತ್ತು ಅವರ ಸಂಗಡಿಗರಿಂದ ಆರಂಭವಾಯಿತು. ಆ ಕಾಲದಲ್ಲಿ ತುಮಕೂರು ಸೀಮೆಯ ಹಳ್ಳಿಗಳಲ್ಲಿ ಮೂಡಲಪಾಯ ಯಕ್ಷಗಾನವೂ ತೊಗಲುಗೊಂಬೆಯಾಟವೂ ರೂಢಿಯಲ್ಲಿದ್ದವು. ಬಯಲಿನಲ್ಲಿ, ಪಂಜಿನ ಅಥವಾ ಎಣ್ಣೆದೀಪದ ಬೆಳಕಿನಲ್ಲಿ, ರಾತ್ರಿಯಿಡೀ ನಡೆಯುತ್ತಿದ್ದ ಈ ಆಟಗಳಿಗೆ ಟಿಕೆಟ್ಟು ಇರಲಿಲ್ಲ. ಮುಂಬಯಿಯ ಪಾರಸಿ ನಾಟಕ ಮಂಡಳಿಗಳು ಬಳಕೆಗೆ ತಂದ ಬಣ್ಣದ ಪರದೆ, ಕಟ್ಟಿದ ರಂಗಮಂಚ ಮತ್ತು ಹಾರ್ಮೋನಿಯಂ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದಕ್ಷಿಣಕ್ಕೂ ಹರಡಿದವು. ಮೈಸೂರಿನಲ್ಲಿ ಅರಮನೆಯ ಆಶ್ರಯದಲ್ಲಿ ಚಾಮರಾಜೇಂದ್ರ ಕರ್ನಾಟಕ ನಾಟಕ ಸಭೆ ಸ್ಥಾಪನೆಯಾಯಿತು. ಬಸವಪ್ಪಶಾಸ್ತ್ರಿಗಳು ಕಾಳಿದಾಸನ ಶಾಕುಂತಲವನ್ನು ಕನ್ನಡಿಸಿದ್ದು ಈ ಸಂದರ್ಭದಲ್ಲಿ. ಗುಬ್ಬಿಯ ಕಂಪನಿ ಅರಮನೆಯ ಸಂಸ್ಥೆಯಾಗಿರಲಿಲ್ಲ. ಅದು ಪ್ರೇಕ್ಷಕರು ಕೊಡುವ ಹಣದಿಂದಲೇ ಬದುಕಬೇಕಾಗಿತ್ತು.

1880ರ ದಶಕದಲ್ಲಿ ಬೆಂಗಳೂರಿನಿಂದ ತುಮಕೂರು, ಗುಬ್ಬಿಗಳ ಮೂಲಕ ಹರಿಹರದ ಕಡೆಗೆ ಮೀಟರ್ ಗೇಜ್ ರೈಲುಮಾರ್ಗ ನಿರ್ಮಾಣವಾಯಿತು. ಪರದೆ, ಪೆಟ್ಟಿಗೆ, ಪರಿಕರ ಮತ್ತು ಹತ್ತಾರು ಕಲಾವಿದರನ್ನು ಊರಿಂದೂರಿಗೆ ಸಾಗಿಸಬೇಕಾದ ವೃತ್ತಿನಾಟಕ ಸಂಸ್ಥೆಗಳಿಗೆ ರೈಲು ಅತ್ಯಗತ್ಯವಾಗಿತ್ತು. ಎತ್ತಿನ ಗಾಡಿಯ ಸಂಚಾರದಲ್ಲಿ ನೆರೆಹೊರೆಯ ತಾಲ್ಲೂಕುಗಳಿಗೆ ಸೀಮಿತವಾಗುತ್ತಿದ್ದ ತಂಡವು ರೈಲಿನ ನೆರವಿನಿಂದ ದೂರದ ಪಟ್ಟಣಗಳಲ್ಲಿ ಮೊಕ್ಕಾಂ ಹೂಡಲು ಸಾಧ್ಯವಾಯಿತು.

ಬಾಲ್ಯ ಮತ್ತು ರಂಗಪ್ರವೇಶ

ವೀರಣ್ಣನವರು 1891ರಲ್ಲಿ ಜನಿಸಿದರು. ತಂದೆ ಹಂಪಣ್ಣ. ಕ್ರಮಬದ್ಧವಾದ ಶಾಲಾಶಿಕ್ಷಣ ಅವರಿಗೆ ಹೆಚ್ಚಾಗಿ ದೊರೆಯಲಿಲ್ಲ. ಇನ್ನೂ ಚಿಕ್ಕ ಬಾಲಕನಾಗಿದ್ದಾಗಲೇ ಅವರು ಗುಬ್ಬಿ ಕಂಪನಿಯನ್ನು ಸೇರಿ ಬಾಲಪಾತ್ರಗಳನ್ನು ವಹಿಸತೊಡಗಿದರು. ಅಂದಿನ ಕಂಪನಿಗಳಲ್ಲಿ ಬಾಲಕಲಾವಿದನು ಹಾಡುಗಾರಿಕೆ, ಮಾತುಗಾರಿಕೆ, ವಾದ್ಯ, ವೇಷಭೂಷಣ ಎಲ್ಲವನ್ನೂ ಹಿರಿಯರ ನಡುವೆ ಇದ್ದುಕೊಂಡೇ ಕಲಿಯಬೇಕಾಗಿತ್ತು. ಪರದೆ ಎಳೆಯುವುದರಿಂದ ಹಿಡಿದು ದೀಪಕ್ಕೆ ಎಣ್ಣೆ ಹಾಕುವವರೆಗೆ ರಂಗದ ಹಿಂದಿನ ಕೆಲಸಗಳೂ ಈ ಕಲಿಕೆಯ ಭಾಗವಾಗಿದ್ದವು. ವೀರಣ್ಣನವರ ವಿದ್ಯಾಭ್ಯಾಸ ನಡೆದದ್ದು ಈ ಪರಿಸರದಲ್ಲಿ.

ಯೌವನದಲ್ಲಿ ಅವರು ಸ್ತ್ರೀಪಾತ್ರಗಳನ್ನೂ ನಿರ್ವಹಿಸಿದರು. ಆದರೆ ಅವರ ಪ್ರತಿಭೆ ಪೂರ್ಣವಾಗಿ ಪ್ರಕಟವಾದದ್ದು ಹಾಸ್ಯಪಾತ್ರಗಳಲ್ಲಿ. ಸದಾರಮೆ ನಾಟಕದಲ್ಲಿ ನಾಯಕಿಯನ್ನು ಹೊತ್ತೊಯ್ಯುವ ಕಳ್ಳನ ಪಾತ್ರ ಅವರಿಗೆ ಅಪಾರ ಕೀರ್ತಿ ತಂದಿತು. ಬರೆದ ಮಾತಿಗೆ ಸಮಯಸ್ಫೂರ್ತಿಯ ಮಾತನ್ನು ಸೇರಿಸಿ, ಪ್ರೇಕ್ಷಕರ ಪ್ರತಿಕ್ರಿಯೆಯನ್ನು ಅನುಸರಿಸಿ ದೃಶ್ಯವನ್ನು ಬೆಳೆಸುವುದು ಅವರ ಅಭಿನಯದ ವೈಶಿಷ್ಟ್ಯವಾಗಿತ್ತು. ಕಂಪನಿಯ ಒಡೆಯರಾದ ಬಳಿಕವೂ ಅವರು ರಾಜನ ಅಥವಾ ನಾಯಕನ ಪಾತ್ರಗಳಿಗಿಂತ ಹೆಚ್ಚಾಗಿ ಹಾಸ್ಯಪಾತ್ರಗಳಿಂದಲೇ ಹೆಸರಾಗಿದ್ದರು.

ಕಂಪನಿಯ ಒಡೆತನ

1917ರಲ್ಲಿ ಕಂಪನಿಯ ಒಡೆತನ ವೀರಣ್ಣನವರ ಕೈಗೆ ಬಂದಿತು. ಆಗ ಅವರ ವಯಸ್ಸು ಇಪ್ಪತ್ತಾರು. ಮೈಸೂರು ಸಂಸ್ಥಾನದಲ್ಲಿ ಎ. ವಿ. ವರದಾಚಾರ್ಯರ ರತ್ನಾವಳಿ ನಾಟಕ ಸಭೆ ಗಾಯನಪ್ರಧಾನವಾದ ನಾಟಕಗಳಿಂದ ಉನ್ನತ ಸ್ಥಾನದಲ್ಲಿದ್ದ ಕಾಲವದು. ವರದಾಚಾರ್ಯರ ಕಂಪನಿಯ ಬಲ ಮುಖ್ಯವಾಗಿ ಒಬ್ಬ ಮಹಾನಟನ ಕಂಠ ಮತ್ತು ವ್ಯಕ್ತಿತ್ವದಲ್ಲಿತ್ತು. ವೀರಣ್ಣನವರು ಬೇರೊಂದು ಮಾರ್ಗ ಹಿಡಿದರು. ಕವಿ, ಗಾಯಕ, ಚಿತ್ರಕಾರ, ಬಡಗಿ, ದೀಪದ ಕೆಲಸಗಾರ, ಅಡಿಗೆಯವರು ಎಲ್ಲರೂ ಸೇರಿದ ಒಂದು ದೊಡ್ಡ ಸಂಸ್ಥೆಯಾಗಿ ಕಂಪನಿಯನ್ನು ಅವರು ಕಟ್ಟಿದರು. ಸದಸ್ಯರ ಊಟ ವಸತಿಗಳ ಹೊಣೆ ಸಂಸ್ಥೆಯದೇ ಆಗಿತ್ತು. ಮಕ್ಕಳೇ ಅಭಿನಯಿಸುವ ಪ್ರತ್ಯೇಕ ತಂಡವೂ ಕಂಪನಿಯ ಆಶ್ರಯದಲ್ಲಿ ನಡೆಯಿತು.

ಕಂಪನಿಯ ಸಂಚಾರ ಮೈಸೂರು ಸಂಸ್ಥಾನಕ್ಕೆ ಸೀಮಿತವಾಗಿರಲಿಲ್ಲ. ತೆಲುಗು ಮತ್ತು ತಮಿಳು ಪ್ರದೇಶಗಳಲ್ಲಿಯೂ ಅದು ಮೊಕ್ಕಾಂ ಹೂಡಿ, ಆ ಭಾಷೆಗಳಲ್ಲಿಯೂ ನಾಟಕಗಳನ್ನು ಪ್ರದರ್ಶಿಸಿತು. ಭಾಷೆ ಬದಲಾದರೂ ಕಣ್ಣಿಗೆ ಕಾಣುವ ವೈಭವಕ್ಕೆ ಅನುವಾದ ಬೇಕಾಗಿರಲಿಲ್ಲ. ರಂಗಸಜ್ಜಿಕೆಗೆ ಹೆಚ್ಚಿನ ಬಂಡವಾಳ ಹೂಡುವ ವೀರಣ್ಣನವರ ನೀತಿಗೆ ಇದೂ ಅನುಕೂಲಕರವಾಗಿತ್ತು.

ನಾಟಕಕಾರರು ಮತ್ತು ನಾಟಕಗಳು

ಗುಬ್ಬಿ ಕಂಪನಿಗಾಗಿ ಬರೆದವರಲ್ಲಿ ಬೆಳ್ಳಾವೆ ನರಹರಿಶಾಸ್ತ್ರಿ ಮತ್ತು ಬಿ. ಪುಟ್ಟಸ್ವಾಮಯ್ಯ ಮುಖ್ಯರು. ನರಹರಿಶಾಸ್ತ್ರಿಗಳು ತುಮಕೂರು ತಾಲ್ಲೂಕಿನ ಬೆಳ್ಳಾವೆಯವರು. ಅವರ ಶ್ರೀಕೃಷ್ಣಲೀಲಾ ಕಂಪನಿಗೆ ಅಪಾರ ಯಶಸ್ಸು ತಂದ ನಾಟಕಗಳಲ್ಲಿ ಒಂದು. ಪುಟ್ಟಸ್ವಾಮಯ್ಯನವರು ಪತ್ರಕರ್ತರಾಗಿ ಮತ್ತು ಐತಿಹಾಸಿಕ ಕಾದಂಬರಿಕಾರರಾಗಿಯೂ ಪ್ರಸಿದ್ಧರು. ಕುರುಕ್ಷೇತ್ರ ಅವರ ಕೃತಿ. ಪೌರಾಣಿಕ ವಸ್ತುಗಳ ಜೊತೆಗೆ ಹೇಮರೆಡ್ಡಿ ಮಲ್ಲಮ್ಮನಂಥ ಶರಣೆಯರ ಕಥೆಗಳೂ ಸದಾರಮೆಯಂಥ ಕಲ್ಪಿತ ಕಥೆಗಳೂ ಕಂಪನಿಯ ಪಟ್ಟಿಯಲ್ಲಿದ್ದವು.

ಸ್ತ್ರೀಪಾತ್ರಗಳನ್ನು ಪುರುಷರೇ ಮಾಡುವುದು ವಾಡಿಕೆಯಾಗಿದ್ದ ಕಾಲದಲ್ಲಿ ವೀರಣ್ಣನವರು ಮಹಿಳೆಯರಿಗೆ ರಂಗಭೂಮಿಯಲ್ಲಿ ಅವಕಾಶ ನೀಡಿದರು. ನಾಟಕದ ಹೆಣ್ಣು ಎಂಬ ಮಾತು ಸಮಾಜದಲ್ಲಿ ನಿಂದೆಯಾಗಿಯೇ ಬಳಕೆಯಾಗುತ್ತಿದ್ದುದರಿಂದ ಇದು ಸುಲಭದ ಕಾರ್ಯವಾಗಿರಲಿಲ್ಲ. ಕಂಪನಿಯ ನಟಿಯರಲ್ಲಿ ಅಗ್ರಗಣ್ಯರಾದ ಬಿ. ಜಯಮ್ಮನವರು ವೀರಣ್ಣನವರ ಪತ್ನಿ. ರಂಗಭೂಮಿಯಲ್ಲಿಯೂ ಚಲನಚಿತ್ರದಲ್ಲಿಯೂ ಅವರು ದೀರ್ಘಕಾಲ ನಾಯಕಿಯಾಗಿ ಕಾಣಿಸಿಕೊಂಡರು.

ರಂಗತಂತ್ರ

ವೃತ್ತಿರಂಗಭೂಮಿಯ ಆರಂಭದ ದಿನಗಳಲ್ಲಿ ರಂಗಕ್ಕೆ ಸೀಮೆಎಣ್ಣೆಯ ದೀಪಗಳೂ ಅನಂತರ ಗ್ಯಾಸ್‌ಲೈಟುಗಳೂ ಬೆಳಕು ನೀಡುತ್ತಿದ್ದವು. ಇಂಥ ಬೆಳಕನ್ನು ದೃಶ್ಯಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಮಾಡುವುದು ಕಷ್ಟ. ಆದ್ದರಿಂದ ಹಗಲು, ಇರುಳು, ಕಾಡು, ಅರಮನೆ ಎಲ್ಲವನ್ನೂ ಪರದೆಯ ಮೇಲಿನ ಬಣ್ಣವೇ ಸೂಚಿಸಬೇಕಾಗಿತ್ತು. ಶಿವನಸಮುದ್ರದ ಜಲವಿದ್ಯುತ್ ಕೇಂದ್ರ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಪೂರೈಸತೊಡಗಿತು. 1905ರಲ್ಲಿ ಬೆಂಗಳೂರು ನಗರಕ್ಕೆ ವಿದ್ಯುದ್ದೀಪಗಳು ಬಂದವು. ಹೀಗೆ ಮೈಸೂರು ಸಂಸ್ಥಾನದ ನಾಟಕಕಾರರಿಗೆ ಹೊಸ ಬೆಳಕು ಇತರ ಅನೇಕ ಪ್ರದೇಶಗಳಿಗಿಂತ ಮೊದಲೇ ಪರಿಚಿತವಾಯಿತು.

ವಿದ್ಯುತ್ತು ರಂಗದಲ್ಲಿ ಬೆಳಕನ್ನು ಹೆಚ್ಚಿಸಿತಲ್ಲದೆ ಅದನ್ನು ನಿಯಂತ್ರಿಸುವ ಸಾಧ್ಯತೆಯನ್ನೂ ಕೊಟ್ಟಿತು. ಬಣ್ಣದ ಗಾಜಿನ ಮೂಲಕ ಬೆಳಕು ಬೀರಿ ಸಂಜೆಯನ್ನೋ ಬೆಂಕಿಯನ್ನೋ ತೋರಿಸಬಹುದಾಯಿತು. ಒಂದು ಪಾತ್ರವನ್ನು ಮಾತ್ರ ಬೆಳಗಿಸಿ ಉಳಿದ ರಂಗವನ್ನು ಕತ್ತಲೆಯಲ್ಲಿಡಬಹುದಾಯಿತು. ದೇವತೆಗಳು ಪ್ರತ್ಯಕ್ಷರಾಗುವುದು, ಮಾಯವಾಗುವುದು, ಆಕಾಶದಲ್ಲಿ ಸಂಚರಿಸುವುದು ಮೊದಲಾದ ಪೌರಾಣಿಕ ಸಂಗತಿಗಳಿಗೆ ಹಗ್ಗ, ರಾಟೆ, ಗುಪ್ತದ್ವಾರಗಳೊಂದಿಗೆ ಈ ಬೆಳಕನ್ನು ಜೋಡಿಸಿದಾಗ ಚಮತ್ಕಾರದ ದೃಶ್ಯಗಳು ಹುಟ್ಟಿದವು. ಮೂಡಲಪಾಯದಲ್ಲಿ ಭಾಗವತನ ಹಾಡಿನಿಂದ ಪ್ರೇಕ್ಷಕನು ಊಹಿಸಿಕೊಳ್ಳುತ್ತಿದ್ದುದನ್ನು ಗುಬ್ಬಿ ಕಂಪನಿಯ ರಂಗ ಕಣ್ಣಮುಂದೆ ನಿಲ್ಲಿಸಿತು. ಪುರಾಣದ ಕಥೆಗಳನ್ನು ಮೊದಲೇ ಬಲ್ಲ ಜನರು ಮುಂದೇನಾಗುತ್ತದೆ ಎಂಬ ಕುತೂಹಲಕ್ಕಿಂತ ಅದನ್ನು ಹೇಗೆ ತೋರಿಸುತ್ತಾರೆ ಎಂಬ ಕುತೂಹಲದಿಂದ ನಾಟಕಕ್ಕೆ ಬರತೊಡಗಿದರು.

ಕುರುಕ್ಷೇತ್ರ

ಈ ಪ್ರಯೋಗಗಳ ಶಿಖರವೆಂದರೆ 1930ರ ದಶಕದಲ್ಲಿ ಪ್ರದರ್ಶಿತವಾದ ಕುರುಕ್ಷೇತ್ರ ನಾಟಕ. ಮಹಾಭಾರತ ಯುದ್ಧವನ್ನು ನಿರೂಪಿಸುವ ಈ ನಾಟಕದಲ್ಲಿ ನಿಜವಾದ ಆನೆ ಕುದುರೆಗಳನ್ನು ರಂಗದ ಮೇಲೆ ತರಲಾಯಿತು. ಪರದೆಯ ಮೇಲೆ ಬಿಡಿಸಿದ ಸೈನ್ಯವನ್ನೇ ಯುದ್ಧವೆಂದು ಒಪ್ಪುತ್ತಿದ್ದ ಪ್ರೇಕ್ಷಕರಿಗೆ ಇದು ಸಂಪೂರ್ಣವಾಗಿ ಹೊಸ ಅನುಭವವಾಗಿತ್ತು. ಪ್ರಾಣಿಗಳ ಭಾರವನ್ನು ತಾಳುವ ವಿಶಾಲವಾದ ರಂಗ, ಅವುಗಳ ಪ್ರವೇಶ ನಿರ್ಗಮನಗಳಿಗೆ ಪ್ರತ್ಯೇಕ ದಾರಿ, ಬೆಳಕಿಗೆ ಬೆದರದಂತೆ ಅವುಗಳಿಗೆ ಅಭ್ಯಾಸ, ಇವೆಲ್ಲವೂ ಇಂಥ ಪ್ರಯೋಗಕ್ಕೆ ಅಗತ್ಯ. ಕುರುಕ್ಷೇತ್ರದ ಖ್ಯಾತಿ ಕನ್ನಡನಾಡಿನ ಆಚೆಗೂ ಹಬ್ಬಿ, ಗುಬ್ಬಿ ಕಂಪನಿಯ ಹೆಸರು ವೈಭವದ ನಾಟಕಗಳಿಗೆ ಪರ್ಯಾಯಪದದಂತಾಯಿತು.

ಇಂಥ ನಾಟಕಗಳ ಆರ್ಥಿಕ ಸ್ವರೂಪವೂ ಗಮನಾರ್ಹ. ಪರಿಕರ ಹೆಚ್ಚಿದಷ್ಟೂ ಸಾಗಾಟದ ವೆಚ್ಚ ಹೆಚ್ಚುತ್ತದೆ. ವೆಚ್ಚ ಹೆಚ್ಚಿದಾಗ ಒಂದೇ ಊರಿನಲ್ಲಿ ತಿಂಗಳುಗಟ್ಟಲೆ ನಿಲ್ಲಬೇಕಾಗುತ್ತದೆ, ಅಷ್ಟು ಕಾಲ ಜನರನ್ನು ಸೆಳೆಯಬಲ್ಲ ದೊಡ್ಡ ಪಟ್ಟಣಗಳು ಬೇಕಾಗುತ್ತವೆ. ಹೀಗೆ ಗ್ರಾಮಮೂಲದ ಕಂಪನಿಯು ಕ್ರಮೇಣ ನಗರಗಳನ್ನು ಅವಲಂಬಿಸಿತು. ಬೆಂಗಳೂರಿನ ಮೆಜೆಸ್ಟಿಕ್ ಪ್ರದೇಶದಲ್ಲಿದ್ದ ಗುಬ್ಬಿ ಥಿಯೇಟರ್ ಈ ಬೆಳವಣಿಗೆಯ ಗುರುತಾಗಿತ್ತು. ಚಲನಚಿತ್ರವು ಮೊದಲು ಬೇರೂರಿದ್ದೂ ಇಂಥ ನಗರಗಳಲ್ಲಿಯೇ.

ಮೂಕಿಚಿತ್ರ ಮತ್ತು ವಾಕ್ಚಿತ್ರ

ಚಲನಚಿತ್ರದ ಶಕ್ತಿಯನ್ನು ವೀರಣ್ಣನವರು ಬೇಗನೆ ಗುರುತಿಸಿದರು. 1930ರ ದಶಕದ ಆದಿಯಲ್ಲಿ ಅವರು ಬೆಂಗಳೂರಿನಲ್ಲಿ ಮೂಕಿಚಿತ್ರಗಳ ನಿರ್ಮಾಣಕ್ಕೆ ಕೈಹಾಕಿದರು. ಹಿಸ್ ಲವ್ ಅಫೇರ್ ಚಿತ್ರವನ್ನು ರಾಫೆಲ್ ಆಲ್ಗೊಯೆಟ್ ಎಂಬ ವಿದೇಶಿ ನಿರ್ದೇಶಕರೂ, ಹರಿಮಾಯಾ ಚಿತ್ರವನ್ನು ವೈ. ವಿ. ರಾವ್ ಅವರೂ ನಿರ್ದೇಶಿಸಿದರು. ಆದರೆ ಮಾತಿನ ಚಮತ್ಕಾರವೇ ಜೀವಾಳವಾಗಿದ್ದ ನಟನಿಗೆ ಮೂಕಿಚಿತ್ರ ಸಹಜ ಮಾಧ್ಯಮವಾಗಿರಲಿಲ್ಲ. ಮೇಲಾಗಿ 1931ರ ಮಾರ್ಚಿಯಲ್ಲಿ ಮುಂಬಯಿಯಲ್ಲಿ ಆಲಂ ಆರಾ ತೆರೆಕಂಡು ಭಾರತದಲ್ಲಿ ವಾಕ್ಚಿತ್ರಯುಗ ಆರಂಭವಾಗಿತ್ತು; ಮೂಕಿಚಿತ್ರಗಳ ಮಾರುಕಟ್ಟೆ ಕೆಲವೇ ವರ್ಷಗಳಲ್ಲಿ ಕುಸಿಯಿತು.

ಕನ್ನಡದ ಮೊದಲ ವಾಕ್ಚಿತ್ರವಾಗಿ ಸತಿ ಸುಲೋಚನಾ 3 ಮಾರ್ಚ್ 1934ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಇದನ್ನು ನಿರ್ದೇಶಿಸಿದವರು ಹರಿಮಾಯಾದ ವೈ. ವಿ. ರಾವ್, ಸಾಹಿತ್ಯ ರಚಿಸಿದವರು ಗುಬ್ಬಿ ಕಂಪನಿಯ ನಾಟಕಕಾರ ಬೆಳ್ಳಾವೆ ನರಹರಿಶಾಸ್ತ್ರಿಗಳು. ಚಿತ್ರದ ಚಿತ್ರೀಕರಣ ನಡೆದದ್ದು ಕೊಲ್ಹಾಪುರದ ಸ್ಟುಡಿಯೋದಲ್ಲಿ. ಕನ್ನಡ ಚಲನಚಿತ್ರದ ಮೊದಲ ಎರಡು ದಶಕಗಳ ಸ್ಥಿತಿಯನ್ನು ಈ ಸಂಗತಿ ಸೂಚಿಸುತ್ತದೆ. ಕಥೆ, ಹಾಡು, ನಟರು ಕನ್ನಡ ನಾಟಕ ಕಂಪನಿಗಳಿಂದ ಬಂದರು. ಕ್ಯಾಮರಾ, ಧ್ವನಿಗ್ರಹಣ ಯಂತ್ರ ಮತ್ತು ಸಂಸ್ಕರಣಾಲಯಗಳಿಗಾಗಿ ಹೊರಗಿನ ನಗರಗಳನ್ನು ಆಶ್ರಯಿಸಬೇಕಾಯಿತು.

1935ರಲ್ಲಿ ಸದಾರಮೆ ವಾಕ್ಚಿತ್ರವಾಯಿತು. ರಂಗದ ಮೇಲೆ ಅಸಂಖ್ಯಾತ ಸಲ ಮಾಡಿದ ಪಾತ್ರ ಈ ಮೂಲಕ ವೀರಣ್ಣನವರೊಂದಿಗೆ ತೆರೆಗೆ ಬಂದಿತು. 1941ರಲ್ಲಿ ಸುಭದ್ರಾ ಬಿಡುಗಡೆಯಾಯಿತು; ಗಾಯಕನಟ ಹೊನ್ನಪ್ಪ ಭಾಗವತರ್ ಅವರ ಮೊದಲ ಕನ್ನಡ ಚಿತ್ರವಿದು. 1942ರ ಜೀವನ ನಾಟಕಕ್ಕೆ ಕಾದಂಬರಿಕಾರ ಅ. ನ. ಕೃಷ್ಣರಾಯರು ಸಾಹಿತ್ಯ ಒದಗಿಸಿದರು. ಕೆಂಪರಾಜ ಅರಸು ಮತ್ತು ಶಾಂತಾ ಹುಬ್ಳೀಕರ್ ಮುಖ್ಯಪಾತ್ರಗಳಲ್ಲಿದ್ದರು. ಪೌರಾಣಿಕ ಚಿತ್ರಗಳೇ ಪ್ರಧಾನವಾಗಿದ್ದ ಕಾಲದಲ್ಲಿ ಇದು ಸಾಮಾಜಿಕ ವಸ್ತುವನ್ನು ಆರಿಸಿಕೊಂಡಿತ್ತು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಕಚ್ಚಾ ಫಿಲ್ಮಿನ ಅಭಾವ ತೀವ್ರವಾಗಿದ್ದರೂ ಹೇಮರೆಡ್ಡಿ ಮಲ್ಲಮ್ಮ ಚಿತ್ರವು ಸಿದ್ಧವಾಗಿ ಜನಪ್ರಿಯವಾಯಿತು. ಜಯಮ್ಮನವರು ಮಲ್ಲಮ್ಮನ ಪಾತ್ರ ವಹಿಸಿದ್ದರು.

ಬೇಡರ ಕಣ್ಣಪ್ಪ

ಗುಬ್ಬಿ ಕರ್ನಾಟಕ ಸಂಸ್ಥೆಯ ಹೆಸರಿನಲ್ಲಿ 1953ರಲ್ಲಿ ಗುಣಸಾಗರಿ, 1954ರಲ್ಲಿ ಬೇಡರ ಕಣ್ಣಪ್ಪ ಬಿಡುಗಡೆಯಾದವು. ಎರಡನ್ನೂ ಎಚ್. ಎಲ್. ಎನ್. ಸಿಂಹ ನಿರ್ದೇಶಿಸಿದರು. ಬೇಡರ ಕಣ್ಣಪ್ಪ ಚಿತ್ರದಲ್ಲಿ ಮುತ್ತುರಾಜ ಎಂಬ ರಂಗನಟ ರಾಜಕುಮಾರ್ ಎಂಬ ಹೊಸ ಹೆಸರಿನೊಂದಿಗೆ ನಾಯಕರಾಗಿ ಕಾಣಿಸಿಕೊಂಡರು. ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ನಟರು. ಬಾಲ್ಯದಲ್ಲಿ ರಾಜಕುಮಾರ್ ಕೂಡ ತಂದೆಯೊಂದಿಗೆ ಕಂಪನಿಯಲ್ಲಿದ್ದವರು. ತುಮಕೂರು ಜಿಲ್ಲೆಯ ತಿಪಟೂರಿನ ನರಸಿಂಹರಾಜು ಹಾಗೂ ಜಿ. ವಿ. ಅಯ್ಯರ್ ಅವರೂ ಇದೇ ಚಿತ್ರದಲ್ಲಿ ಗಮನ ಸೆಳೆದರು. ಚಿತ್ರಕ್ಕೆ ರಾಷ್ಟ್ರಮಟ್ಟದ ಅರ್ಹತಾಪತ್ರ ದೊರೆಯಿತು. ಇದೇ ಕಥೆ ತೆಲುಗಿನಲ್ಲಿ ಕಾಳಹಸ್ತಿ ಮಹಾತ್ಮ್ಯಂ ಎಂಬ ಹೆಸರಿನಿಂದ ರಾಜಕುಮಾರ್ ಅವರ ಅಭಿನಯದಲ್ಲಿಯೇ ಚಿತ್ರವಾಯಿತು. ಹಿಂದಿಯಲ್ಲಿಯೂ ಶಿವಭಕ್ತ ಎಂಬ ಚಿತ್ರ ಬಂದಿತು.

ಬೇಡರ ಕಣ್ಣಪ್ಪ ಚಿತ್ರದ ಯಶಸ್ಸು ಕನ್ನಡ ಚಿತ್ರರಂಗಕ್ಕೆ ಮುಂದಿನ ಅರ್ಧ ಶತಮಾನದ ನಾಯಕನಟನನ್ನು ನೀಡಿತು. ವೃತ್ತಿರಂಗಭೂಮಿಯ ಪಾಲಿಗೆ ಅದರ ಪರಿಣಾಮ ಬೇರೆಯಾಗಿತ್ತು. ಕಂಪನಿಗಳು ಅನೇಕ ವರ್ಷ ಅನ್ನವಿಟ್ಟು ತರಬೇತಿ ನೀಡಿದ ನಟರು ಮದರಾಸಿನ ಸ್ಟುಡಿಯೋಗಳ ಕಡೆಗೆ ಹೊರಟರು.

ವೃತ್ತಿರಂಗಭೂಮಿಯ ಇಳಿಗಾಲ

1950ರ ದಶಕದಿಂದ ವೃತ್ತಿನಾಟಕ ಕಂಪನಿಗಳು ಕ್ಷೀಣಿಸತೊಡಗಿದವು. ಇದಕ್ಕೆ ಚಲನಚಿತ್ರವೇ ಏಕೈಕ ಕಾರಣವಲ್ಲವಾದರೂ ಮುಖ್ಯ ಕಾರಣ ಅದಾಗಿತ್ತು. ಕಂಪನಿಯು ಆನೆ ಕುದುರೆಗಳನ್ನೂ ನೂರಾರು ಪೆಟ್ಟಿಗೆಗಳನ್ನೂ ಹೊತ್ತು ಊರಿಂದೂರಿಗೆ ಹೋಗಬೇಕಾಗಿದ್ದಲ್ಲಿ ಚಲನಚಿತ್ರವು ಕೆಲವು ತಗಡಿನ ಡಬ್ಬಿಗಳಲ್ಲಿ ಸಾಗುತ್ತಿತ್ತು. ಒಂದೇ ಸಂಜೆ ಹತ್ತು ಊರುಗಳಲ್ಲಿ ಅದೇ ನಟನನ್ನು ತೋರಿಸಬಹುದಾಗಿತ್ತು. ಕಂಪನಿಯ ಅತಿದೊಡ್ಡ ಆಕರ್ಷಣೆಯಾಗಿದ್ದ ಚಮತ್ಕಾರದ ದೃಶ್ಯಗಳನ್ನು ಕ್ಯಾಮರಾ ಕಡಿಮೆ ಶ್ರಮದಿಂದ, ಹೆಚ್ಚು ಪರಿಣಾಮಕಾರಿಯಾಗಿ ಸಾಧಿಸಿತು. ವೈಭವವನ್ನು ನೋಡುವ ಅಭ್ಯಾಸವನ್ನು ಜನರಲ್ಲಿ ಬೆಳೆಸಿದ್ದು ಕಂಪನಿ ನಾಟಕ. ಆ ಅಭಿರುಚಿಯ ಫಲವನ್ನು ಪಡೆದದ್ದು ಚಲನಚಿತ್ರ.

ವೀರಣ್ಣನವರು ಚಿತ್ರನಿರ್ಮಾಣದಲ್ಲಿ ತೊಡಗಿದಾಗಲೂ ನಾಟಕ ಕಂಪನಿಯನ್ನು ಕೈಬಿಡಲಿಲ್ಲ. ಚಲನಚಿತ್ರಕ್ಕೆ ಸಾಧ್ಯವಾಗದ ಒಂದು ಗುಣ ಅವರ ರಂಗಾಭಿನಯದಲ್ಲಿ ಕೊನೆಯವರೆಗೂ ಉಳಿದಿತ್ತು. ಸದಾರಮೆಯ ಕಳ್ಳನು ಊರಿಗೊಂದು, ರಾತ್ರಿಗೊಂದು ಮಾತು ಹೊಸದಾಗಿ ಆಡಬಲ್ಲವನಾಗಿದ್ದನು. ತೆರೆಯ ಮೇಲಿನ ಕಳ್ಳನಿಗೆ ಆ ಸ್ವಾತಂತ್ರ್ಯವಿರಲಿಲ್ಲ.

ಶಿಷ್ಯರು ಮತ್ತು ಉತ್ತರಾಧಿಕಾರ

ಗುಬ್ಬಿ ಕಂಪನಿಯನ್ನು ಕನ್ನಡ ನಟರ ವಿದ್ಯಾಶಾಲೆಯೆಂದು ಪರಿಗಣಿಸಲಾಗುತ್ತದೆ. ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ. ವಿ. ಅಯ್ಯರ್ ಮೊದಲಾದವರು ಒಂದಲ್ಲ ಒಂದು ಹಂತದಲ್ಲಿ ಅಲ್ಲಿದ್ದವರು. ಅಯ್ಯರ್ ಮುಂದೆ ಹಂಸಗೀತೆ ಚಿತ್ರವನ್ನೂ ಸಂಸ್ಕೃತದ ಮೊದಲ ಚಲನಚಿತ್ರ ಆದಿಶಂಕರಾಚಾರ್ಯವನ್ನೂ ನಿರ್ದೇಶಿಸಿದರು.

ದಕ್ಷಿಣ ಕನ್ನಡದ ಮಂಚಿಯಿಂದ ಮನೆಬಿಟ್ಟು ಬಂದ ಬಾಲಕ ಬಿ. ವಿ. ಕಾರಂತರು ಗುಬ್ಬಿ ಕಂಪನಿಯನ್ನು ಸೇರಿದರು. ಅವರ ಓದಿನ ಆಸಕ್ತಿಯನ್ನು ಗಮನಿಸಿದ ವೀರಣ್ಣನವರು ಉನ್ನತ ವ್ಯಾಸಂಗಕ್ಕಾಗಿ ಅವರನ್ನು ಬನಾರಸಿಗೆ ಕಳುಹಿಸಿದರು. ಕಾರಂತರು ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದರು. ಯಂತ್ರವೈಭವವನ್ನು ತ್ಯಜಿಸಿ ಸಂಗೀತ ಮತ್ತು ನಟನ ದೇಹವನ್ನು ಆಧರಿಸಿದ ಆಧುನಿಕ ಕನ್ನಡ ರಂಗಭೂಮಿಗೂ ಹೀಗೆ ಗುಬ್ಬಿ ಕಂಪನಿಯಲ್ಲಿ ಒಂದು ಮೂಲವಿದೆ. ವೀರಣ್ಣನವರ ಮಗಳು ಜಿ. ವಿ. ಮಾಲತಮ್ಮ ರಂಗನಟಿ, ಮಾಲತಮ್ಮನವರ ಮಗಳು ಬಿ. ಜಯಶ್ರೀ ನಟಿ, ಗಾಯಕಿ ಹಾಗೂ ಸ್ಪಂದನ ತಂಡದ ಸ್ಥಾಪಕಿ. ಜಯಶ್ರೀಯವರು 2010ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು; 2013ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು.

ವಿಮರ್ಶೆ

ಕಂಪನಿ ನಾಟಕಗಳ ವೈಭವದ ಬಗ್ಗೆ ಅವುಗಳ ಕಾಲದಲ್ಲಿಯೇ ಆಕ್ಷೇಪಗಳಿದ್ದವು. ಟಿ. ಪಿ. ಕೈಲಾಸಂ ಮತ್ತು ಹವ್ಯಾಸಿ ರಂಗಭೂಮಿಯವರು ಮಧ್ಯಮವರ್ಗದ ಮನೆಯ ಒಂದು ಕೋಣೆಯನ್ನೇ ರಂಗವಾಗಿಸಿಕೊಂಡು, ಆಡುಮಾತಿನ ಗದ್ಯಕ್ಕೆ ಒತ್ತುಕೊಟ್ಟರು. ಕಂಪನಿ ನಾಟಕಗಳಲ್ಲಿ ಸಂದರ್ಭವಿಲ್ಲದ ಹಾಡುಗಳು, ಅತಿಯಾದ ಅಲಂಕಾರ ಮತ್ತು ಚಮತ್ಕಾರಗಳು ನಾಟಕದ ಸಾಹಿತ್ಯಗುಣವನ್ನು ಮರೆಮಾಡುತ್ತವೆ ಎಂಬುದು ವಿಮರ್ಶಕರ ಸಾಮಾನ್ಯ ಅಭಿಪ್ರಾಯವಾಗಿತ್ತು. ಗುಬ್ಬಿ ಕಂಪನಿಯೂ ಈ ಟೀಕೆಗೆ ಹೊರತಾಗಿರಲಿಲ್ಲ. ಇನ್ನೊಂದು ಕಡೆಯಿಂದ ನೋಡಿದರೆ, ಓದುಬರಹ ಬಲ್ಲವರ ಸಂಖ್ಯೆ ಅತಿ ಕಡಿಮೆಯಿದ್ದ ಕಾಲದಲ್ಲಿ ರಾಜ್ಯಗಳ ಗಡಿಗಳನ್ನು ದಾಟಿ ಕನ್ನಡದ ಮಾತು ಮತ್ತು ಸಂಗೀತವನ್ನು ಜನಸಾಮಾನ್ಯರಿಗೆ ತಲುಪಿಸಿದ ಕೀರ್ತಿ ಇದೇ ಕಂಪನಿಗಳದು. ಹವ್ಯಾಸಿ ರಂಗಭೂಮಿ ಬಹುಮಟ್ಟಿಗೆ ನಗರದ ವಿದ್ಯಾವಂತರಲ್ಲಿ ಉಳಿಯಿತು. ಗುಬ್ಬಿ ಕಂಪನಿಯ ಪ್ರೇಕ್ಷಕರಲ್ಲಿ ನೆಲದ ಮೇಲೆ ಕುಳಿತು ನೋಡುವ ರೈತನೂ ಇದ್ದನು.

ಪ್ರಶಸ್ತಿ ಮತ್ತು ಸ್ಮಾರಕಗಳು

ವೀರಣ್ಣನವರಿಗೆ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಭಾರತ ಸರ್ಕಾರವು 1972ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ನೀಡಿ ಗೌರವಿಸಿತು. ಅದೇ ವರ್ಷ ಅಕ್ಟೋಬರ್ 18ರಂದು ಅವರು ನಿಧನರಾದರು. ಅವರ ಆತ್ಮಕಥೆ ಕಲೆಯೇ ಕಾಯಕ. ವೃತ್ತಿರಂಗಭೂಮಿಯ ಒಳಗಿನ ಜೀವನವನ್ನು ತಿಳಿಯಲು ಇದು ಮುಖ್ಯ ಆಕರಗಳಲ್ಲಿ ಒಂದು.

ಕರ್ನಾಟಕ ಸರ್ಕಾರವು ವೃತ್ತಿರಂಗಭೂಮಿಯ ಕಲಾವಿದರಿಗೆ ಗುಬ್ಬಿ ವೀರಣ್ಣ ಪ್ರಶಸ್ತಿಯನ್ನು ನೀಡುತ್ತದೆ.ತುಮಕೂರು ನಗರದ ಕಲಾಕ್ಷೇತ್ರಕ್ಕೂ ಗುಬ್ಬಿ ಪಟ್ಟಣದ ರಂಗಮಂದಿರಕ್ಕೂ ಅವರ ಹೆಸರನ್ನು ಇಡಲಾಗಿದೆ.

ಪ್ರಮುಖ ಚಲನಚಿತ್ರಗಳು

- ಹಿಸ್ ಲವ್ ಅಫೇರ್ (ಮೂಕಿಚಿತ್ರ)
- ಹರಿಮಾಯಾ (ಮೂಕಿಚಿತ್ರ)
- ಸದಾರಮೆ (1935)
- ಸುಭದ್ರಾ (1941)
- ಜೀವನ ನಾಟಕ (1942)
- ಹೇಮರೆಡ್ಡಿ ಮಲ್ಲಮ್ಮ
- ಗುಣಸಾಗರಿ (1953)
- ಬೇಡರ ಕಣ್ಣಪ್ಪ (1954)